ಬರಿಗೈ ಬದುಕು: ಮುನಿಯ ದಾರಿಯೋ, ಶರಣರ ದಾರಿಯೋ?

ಎಲ್ಲ ಬಿಟ್ಟು ಬಡವನಾಗಿ ಬದುಕಬೇಕು, ಯಾವ ದಾರಿ ಹಿಡಿಯಲಿ ಅಂತ ಕೇಳಿದ್ದೀರಿ. ನಮ್ಮಲ್ಲೇ ಎರಡು ಹಳೆಯ ದಾರಿಗಳಿವೆ: ದಿಗಂಬರ ಜೈನ ಮುನಿಗಳದ್ದು, 12ನೇ ಶತಮಾನದ ಶರಣರದ್ದು.

ಖರ್ಚಿನ ಲೆಕ್ಕದಲ್ಲಿ ಮುನಿಗೆ ಸಾಟಿಯಿಲ್ಲ. ನವಿಲುಗರಿಯ ಪಿಂಛಿ (ಕುಂಚ), ಒಂದು ಕಮಂಡಲ, ಓದಲು ಶಾಸ್ತ್ರ. ದಿನಕ್ಕೆ ಒಂದೇ ಊಟ, ಅದೂ ನಿಂತುಕೊಂಡು, ಬೊಗಸೆಯಲ್ಲಿ. ತಲೆಗೂದಲನ್ನು ಕೈಯಿಂದಲೇ ಕೀಳಬೇಕು. ಆದರೆ ಊಟ ಕೊಡುವ ಶ್ರಾವಕರು, ಅಂದರೆ ಜೈನ ಗೃಹಸ್ಥರು, ಊರಲ್ಲಿರಬೇಕು, ಅಲ್ವಾ? ಸುಮ್ನೆ ಒಂದು ವರ್ಷ ಮಾಡಿ ನೋಡೋಣ ಅನ್ನುವಂತಿಲ್ಲ.

ಶರಣರಲ್ಲಿ ಭಿಕ್ಷೆಯಲ್ಲ, ಕಾಯಕ. ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಮಾರಯ್ಯ ಒಂದು ದಿನ ಜಾಸ್ತಿ ಅಕ್ಕಿ ತಂದನಂತೆ. ಅಲ್ಲೇ ಸುರಿದು ಬಾ ಎಂದಳು ಹೆಂಡತಿ ಲಕ್ಕಮ್ಮ. (ಗುರು ಯಾರು ಅಂತ ನನಗಂತೂ ಅನುಮಾನವಿಲ್ಲ.) ಸಾಲ, ಶಾಲೆಗೆ ಹೋಗುವ ಮಕ್ಕಳು ಇರುವವರಿಗೆ ಇದೇ ಹೊಂದುತ್ತದೆ. ಕಷ್ಟ ಒಂದೇ: ಇಷ್ಟು ಸಾಕು ಅನ್ನುವ ಗೆರೆಯನ್ನು ದಿನಾ ನೀವೇ ಎಳೆಯಬೇಕು.

ಒಂಟಿಯಾಗಿದ್ದು, ಹಸಿವು ತಡೆಯುವ ಮೈ ಇದ್ದರೆ ಮೊದಲನೆಯದನ್ನು ಯೋಚಿಸಿ. ಆದರೆ ಸಂಬಳ ನಿಂತು, ರೇಷನ್ ಅಕ್ಕಿ ತಿಂಗಳ ಕೊನೆಗೆ ಸಾಲದೆ ಈ ಪ್ರಶ್ನೆ ಕೇಳಿದ್ದರೆ, ಅದು ವ್ರತವಲ್ಲ. ಮೊದಲು ಪಂಚಾಯಿತಿಗೆ ಹೋಗಿ ಕೆಲಸ ಕೇಳಿ.