ಪೆನ್‌ಡ್ರೈವ್‌ನಲ್ಲಿ ಒಂದು ಪಪ್ಪಿ ಸಾಕಿದ್ದೇನೆ

ಹಳೇ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಕೈಕೊಟ್ಟಿತು. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. 8 ಜಿಬಿ ಪೆನ್‌ಡ್ರೈವ್‌ಗೆ ಪಪ್ಪಿ ಲಿನಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ ಹಾಕಿದೆ. ಅದರ ಫೊಸಾಪಪ್ 9.5 ಆವೃತ್ತಿ, ಡೌನ್‌ಲೋಡ್ ಬರೀ 400 ಎಂಬಿ ಚಿಲ್ಲರೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ಸಿಗುವ ಸೆಟ್ಟಿಂಗ್) ಯುಎಸ್‌ಬಿಯನ್ನು ಮೊದಲಿಗೆ ತಂದರೆ ಸಾಕು, ಹಾರ್ಡ್‌ಡಿಸ್ಕ್ ಇಲ್ಲದೆಯೇ ಏಳುತ್ತದೆ. ಇಡೀ ಸಿಸ್ಟಂ ರ‍್ಯಾಮ್‌ನಲ್ಲೇ ಹೋಗಿ ಕೂರುವುದರಿಂದ, ಒಮ್ಮೆ ಎದ್ದಮೇಲೆ ನನ್ನ 2 ಜಿಬಿಯಲ್ಲೂ ಚುರುಕು.

ಮೊದಲ ದಿನ ಶಟ್‌ಡೌನ್ ಮಾಡುವಾಗ ‘ಸೇವ್ ಮಾಡಲೇ?’ ಎಂದು ಕೇಳಿತು. ಸುಮ್ನೆ ಬೇಡ ಅಂದೆ. ವೈಫೈ ಪಾಸ್‌ವರ್ಡ್, ಅರ್ಧ ಗಂಟೆ ಕೂತು ಬರೆದ ಮನೆ ಲೆಕ್ಕ, ಎಲ್ಲ ಮಾಯ! ತಪ್ಪು ನನ್ನದೇ ಅಲ್ವಾ?

ಒಂದೇ ತಕರಾರು: ಶುರುವಿನಿಂದಲೇ ರೂಟ್ ಆಗಿ, ಅಂದರೆ ಸಿಸ್ಟಂನಲ್ಲಿ ಏನನ್ನೂ ಬದಲಿಸಬಲ್ಲ ಪೂರ್ತಿ ಅಧಿಕಾರದೊಂದಿಗೆ ಓಡುತ್ತದೆ. ಹಾಗಾಗಿ ಬ್ಯಾಂಕ್ ಕೆಲಸಕ್ಕೆ ಮುಟ್ಟುವುದಿಲ್ಲ. ಬ್ರೌಸರ್‌ನಲ್ಲಿ ಟ್ಯಾಬ್ ಜಾಸ್ತಿಯಾದರೆ ಮಾತ್ರ ಪಾಪ, ಏದುಸಿರು ಬಿಡುತ್ತದೆ.