ಬದಿಯಡ್ಕದಲ್ಲಿ ಕನ್ನಡದಲ್ಲೇ ಹೇಳಿಕೊಡುವ ಇಂಗ್ಲಿಷ್ ಕ್ಲಾಸ್ ಹೇಗಿದೆ?

ಕಾಸರಗೋಡಿನ ಕಡೆ ಸ್ಪೋಕನ್ ಇಂಗ್ಲಿಷ್ ಕ್ಲಾಸ್‌ಗಳಿಗೆ ಬರ ಇಲ್ಲ. ಆದರೆ ನಾನು ವಿಚಾರಿಸಿದ ಕಡೆಯೆಲ್ಲ ಅರ್ಥ ಹೇಳುವುದು ಮಲಯಾಳದಲ್ಲಿ. ಪೇಟೆಯಲ್ಲಿ ವ್ಯವಹಾರ ಮಾಡುವಷ್ಟು ಮಲಯಾಳ ನಮಗೆ ಬರುತ್ತದೆ, ವ್ಯಾಕರಣ ಕಲಿಯಲು ಅದು ಸಾಲುವುದಿಲ್ಲ. ಹಾಗಾಗಿ ಬದಿಯಡ್ಕದಲ್ಲಿ ಕನ್ನಡದಲ್ಲೇ ಪಾಠ ಇದೆ ಅಂತ ಗೊತ್ತಾದ ಕೂಡಲೇ ಅಕ್ಕನ ಮಗಳನ್ನು ಸೇರಿಸಿ ನಾನೂ ಸೇರಿದೆ. ಅವಳು ಪ್ಲಸ್ ಟು. ನನಗೆ ಆಫೀಸಿನ ಇಮೇಲ್‌ಗಳ ತಲೆಬಿಸಿ.

ಈ ಕ್ಲಾಸಿನ ಬೆಲೆ ಗೊತ್ತಾಗುವುದು ಫ್ರೇಸಲ್ ವರ್ಬ್ ಪಾಠದಲ್ಲಿ, ಅಂದರೆ ಕ್ರಿಯಾಪದಕ್ಕೆ ‘ಔಟ್’ ಥರದ ಸಣ್ಣ ಪದ ಸೇರಿ ಬೇರೆಯೇ ಅರ್ಥ ಕೊಡುವ ಮಾತುಗಳ ಪಾಠದಲ್ಲಿ. ‘ಸಾರ್ಟ್ ಔಟ್’ ಅನ್ನುವ ಒಂದಕ್ಕೇ ಮಾಷ್ಟ್ರು ಇಡೀ ಕ್ಲಾಸು ಕೊಟ್ಟರು. ಗೈಡ್ ನೋಡಿದರೆ ‘ಪರಿಹರಿಸು’ ಅಂತ ಒಂದೇ ಅರ್ಥ ಇರುತ್ತದೆ, ಅಲ್ವಾ? ಇವರು ಹಾಗೆ ಮುಗಿಸಲಿಲ್ಲ. ರೇಶನ್ ಕಾರ್ಡಿನಲ್ಲಿ ಅಮ್ಮನ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದೆ ಅಂತ ಇಟ್ಟುಕೊಳ್ಳಿ, ಅದಕ್ಕೆ ಓಡಾಡಿ, ಕಾಗದ ಕೊಟ್ಟು, ಗೊಂದಲ ಬಿಡಿಸಿ ಸರಿ ಮಾಡಿಸಿಕೊಳ್ಳುತ್ತೀರಲ್ಲ, ಅದು ಸಾರ್ಟ್ ಔಟ್ ಅಂದರು. ಗಣಿತದ ಲೆಕ್ಕ, ಒಗಟು ಇವಕ್ಕೆ ‘ಸಾಲ್ವ್’. ಬ್ಯಾಂಕಿಗೆ ದೂರು ಬರೆಯುವಾಗ ‘ರಿಸಾಲ್ವ್’ ಚೆನ್ನ. ಮನೆಯವರ ಹತ್ತಿರ, ಗೆಳೆಯರ ಹತ್ತಿರ ಮಾತಾಡುವಾಗ ಸಾರ್ಟ್ ಔಟ್. ಬ್ರಿಟಿಷರ ಮಾತಿನಲ್ಲಿ ಇದು ಜಾಸ್ತಿ ಕೇಳುತ್ತದೆ.

ಇನ್ನೊಂದು ಅರ್ಥಕ್ಕೆ ಅವರು ಕೊಟ್ಟ ಉದಾಹರಣೆ ಅಡಿಕೆಯದ್ದು. ಸುಲಿದ ಅಡಿಕೆಯನ್ನು ಪಟೋರ, ಉಳ್ಳಿ, ಕರಿಗೋಟು ಅಂತ ದರ್ಜೆ ಪ್ರಕಾರ ವಿಂಗಡಿಸುವುದು ಬರೀ ‘ಸಾರ್ಟ್’. ರಾಶಿಯಿಂದ ಕರಿಗೋಟು ಮಾತ್ರ ಹೆಕ್ಕಿ ಬೇರೆ ಇಟ್ಟರೆ ‘ಸಾರ್ಟ್ ಔಟ್’. ಅಡಿಕೆ ತೋಟದ ಮನೆಯ ಮಕ್ಕಳಿಗೆ ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳುವುದು? ಹಿಂದಿನ ಬೆಂಚಿನ ಹುಡುಗರೂ ತಲೆಯಾಡಿಸಿದರು.

ಕ್ಲಾಸಿನಲ್ಲಿ ತುಂಬ ಜನ ಎಡವಿದ್ದು ‘ಇಟ್’ ಎಲ್ಲಿ ಬರಬೇಕು ಅನ್ನುವಲ್ಲಿ. ‘ಸಾರ್ಟ್ ಔಟ್ ದ ಪ್ರಾಬ್ಲಂ’ ಸರಿ, ‘ಸಾರ್ಟ್ ದ ಪ್ರಾಬ್ಲಂ ಔಟ್’ ಕೂಡ ಸರಿ. ಆದರೆ ಇಟ್, ದೆಮ್, ಹಿಮ್ ಬಂದರೆ ನಡುವೆಯೇ ಇರಬೇಕು: ‘ಸಾರ್ಟ್ ಇಟ್ ಔಟ್’. ‘ಸಾರ್ಟ್ ಔಟ್ ಇಟ್’ ತಪ್ಪು. ಇದನ್ನು ಎಲ್ಲರ ಬಾಯಲ್ಲೂ ಹೇಳಿಸಿದರು, ಬೋರ್ಡಿನಲ್ಲಿ ಬರೆದು ಸುಮ್ನೆ ಬಿಡಲಿಲ್ಲ. ತಾನಾಗಿ ಸರಿಹೋಗುವ ವಿಷಯಕ್ಕೆ ‘ಇಟ್ ವಿಲ್ ಸಾರ್ಟ್ ಇಟ್‌ಸೆಲ್ಫ್ ಔಟ್’.

‘ಐ ವಿಲ್ ಸಾರ್ಟ್ ಹಿಮ್ ಔಟ್’ ಅಂದರೆ ಹುಷಾರಾಗಿರಬೇಕಂತೆ. ನಾವು ‘ಅವನನ್ನು ನೋಡಿಕೊಳ್ತೇನೆ’ ಅನ್ನುವ ಹಾಗೆಯೇ ಅದು. ಅವನಿಗೆ ಬೇಕಾದ್ದನ್ನು ಒದಗಿಸಿಕೊಡುತ್ತೇನೆ ಅಂತಲೂ ಆಗುತ್ತದೆ, ಬುದ್ಧಿ ಕಲಿಸುತ್ತೇನೆ ಅಂತಲೂ ಆಗುತ್ತದೆ. ಆಫೀಸಿನ ಇಮೇಲ್‌ನಲ್ಲಿ ಹಾಕುವ ಮೊದಲು ಗೊತ್ತಿರಬೇಕಾದ ಮಾತು ಇದು.

ಸಣ್ಣಪುಟ್ಟ ತೊಡಕು ನಿವಾರಿಸುವ ‘ಐರನ್ ಔಟ್’, ಯೋಚಿಸಿ ಲೆಕ್ಕ ಹಾಕಿ ದಾರಿ ಕಂಡುಕೊಳ್ಳುವ ‘ವರ್ಕ್ ಔಟ್’ ಎರಡನ್ನೂ ಕೊನೆಗೆ ಬೇಗ ಬೇಗ ಮುಗಿಸಿದರು. ವರ್ಕ್ ಔಟ್ ಅಂದರೆ ಜಿಮ್ ಮಾತ್ರ ಅಂತ ತಿಳಿದಿದ್ದ ಹುಡುಗರಿಗೆ ಇನ್ನಷ್ಟು ಉದಾಹರಣೆ ಬೇಕಿತ್ತು.

ಕೊರತೆಗಳೂ ಇವೆ. ನೋಟ್ಸ್ ಜೆರಾಕ್ಸಿನ ಜೆರಾಕ್ಸ್, ಕೆಲವು ಪುಟ ಓದಲಿಕ್ಕೇ ಆಗುವುದಿಲ್ಲ. ಮಕ್ಕಳು ಜಾಸ್ತಿ ಇರುವುದರಿಂದ ಒಬ್ಬೊಬ್ಬರಿಗೆ ಮಾತಾಡಲು ಸಿಗುವ ಸಮಯ ಕಡಿಮೆ, ಸ್ಪೋಕನ್ ಇಂಗ್ಲಿಷ್ ಅಂತ ಹೆಸರಿಟ್ಟ ಮೇಲೆ ಇದನ್ನು ಅವರು ಸರಿ ಮಾಡಲೇಬೇಕು. ಎರಡು ಬ್ಯಾಚ್ ಮಾಡಿದರೆ ಆಗುತ್ತದೆ.

ಇಂಟರ್‌ವ್ಯೂಗೆ ನಾಲ್ಕು ವಾಕ್ಯ ಬಾಯಿಪಾಠ ಆದರೆ ಸಾಕು ಅನ್ನುವವರಿಗೆ ಇದು ನಿಧಾನ ಅನ್ನಿಸಬಹುದು. ಕುಂಬಳೆ, ಪೆರ್ಲ, ಮುಳ್ಳೇರಿಯ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿದ್ದರೆ ಖಂಡಿತ ಸೇರಿಸಿ. ಸೇರಿಸುವ ಮೊದಲು ಒಂದು ದಿನ ಸುಮ್ನೆ ಕೂತು ಕೇಳಲು ಬಿಡುತ್ತಾರೆ, ಅದಕ್ಕೆ ಫೀಸು ಇಲ್ಲ.