ಮನೆ ನೋಡಲು ಹೋಗುವಾಗ ಕೈಯಲ್ಲಿ ಏನಿರಬೇಕು: ಎಕ್ಸೆಲ್ ಶೀಟಾ, ವಿಡಿಯೋನಾ, ಒಂದು ಹಾಳೆನಾ?

ಕೊಳ್ಳೋಣ ಅಂತ ಇಲ್ಲಿವರೆಗೆ 17 ಮನೆ ನೋಡಿದ್ದೇವೆ. ಮೂರು ಸುತ್ತಿನಲ್ಲಿ. ಮೂರೂ ಸಲ ಅದೇ ಏಜೆಂಟ್, ಅದೇ ಬಜೆಟ್. ಬದಲಾಗಿದ್ದು ನಮ್ಮ ತಯಾರಿ ಮಾತ್ರ. ಅದೊಂದರಿಂದ ಇಷ್ಟು ವ್ಯತ್ಯಾಸ ಆಗುತ್ತೆ ಅಂತ ನಾನಂತೂ ಅಂದುಕೊಂಡಿರಲಿಲ್ಲ.

ಮೊದಲ ಸುತ್ತಿಗೆ ಎಕ್ಸೆಲ್ ಶೀಟ್. ಎರಡು ಸಂಜೆ ಕೂತು 42 ಸಾಲು ಮಾಡಿದೆ. ಬೆಳಕು, ಗಾಳಿ, ಪಾರ್ಕಿಂಗ್, ಬಾಲ್ಕನಿ, ಬಣ್ಣ, ಹೀಗೆ ಒಂದೊಂದಕ್ಕೂ ಹತ್ತರಲ್ಲಿ ಎಷ್ಟು ಅಂಕ, ಯಾವುದಕ್ಕೆ ಎಷ್ಟು ತೂಕ, ಅಂದರೆ ಎಷ್ಟು ಮಹತ್ವ, ಎಲ್ಲಾ ಇತ್ತು. ಮನೆಯೊಳಗೆ ಕಾಲಿಟ್ಟ ಮೇಲೆ ಗೊತ್ತಾಗಿದ್ದು, ನಾನು ಗೋಡೆ ನೋಡುತ್ತಿಲ್ಲ, ಮೊಬೈಲ್ ನೋಡುತ್ತಿದ್ದೇನೆ. ಏಜೆಂಟ್ ಏನೋ ಹೇಳುತ್ತಿದ್ದರೆ ನಾನು 23ನೇ ಸಾಲಿಗೆ ಅಂಕ ಹಾಕುತ್ತಾ ನಿಂತಿದ್ದೆ. ಒಂದು ಮನೆಗೆ ಬಣ್ಣದಲ್ಲಿ 9 ಕೊಟ್ಟಿದ್ದೆ. ನನ್ನ ಹೆಂಡತಿ ದಾರಿಯಲ್ಲಿ ಬರುವಾಗ ಕೇಳಿದಳು, ಉಳಿದ ಗೋಡೆಗೆಲ್ಲ ಹಳೇ ಬಣ್ಣ, ಆ ಒಂದು ಗೋಡೆಗೆ ಮಾತ್ರ ಯಾಕೆ ಹೊಸದು? ಅಷ್ಟೇ ಅಲ್ಲ, ಅದೇ ಗೋಡೆಯ ಬುಡದಲ್ಲಿ ಬಿಳಿ ಪುಡಿ ಉದುರಿದ್ದನ್ನೂ ಅವಳು ನೋಡಿದ್ದಳು. ಗೋಡೆಯೊಳಗೆ ಸೇರಿದ ನೀರು ಉಪ್ಪನ್ನು ಹೊತ್ತು ತಂದು, ತಾನು ಆರಿಹೋಗಿ ಉಪ್ಪನ್ನು ಮೇಲೆ ಬಿಡುತ್ತೆ, ಅದೇ ಆ ಪುಡಿ. ನನ್ನ ಶೀಟಿನಲ್ಲಿ ಅದಕ್ಕೆ ಸಾಲೇ ಇರಲಿಲ್ಲ!

ಇನ್ನೊಂದು ನಾಚಿಕೆಯ ವಿಷಯ. ಮನಸ್ಸಿಗೆ ಹಿಡಿಸಿದ ಮನೆ ಎರಡನೇ ಸ್ಥಾನಕ್ಕೆ ಬಂದಾಗ ನಾನು ಸುಮ್ನೆ ಬಾಲ್ಕನಿಯ ತೂಕ ಜಾಸ್ತಿ ಮಾಡಿ ಅದನ್ನು ಮೊದಲಿಗೆ ತಂದೆ. ಲೆಕ್ಕ ಅಂತ ಹೆಸರು, ಮಾಡಿದ್ದು ಮೋಸ.

ಎರಡನೇ ಸುತ್ತಿಗೆ ಶೀಟ್ ಬಿಟ್ಟು ಬರೀ ವಿಡಿಯೋ. ಮನೆಯಲ್ಲಿ ಜನ ವಾಸ ಇದ್ದರೆ ಮೊದಲೇ ಏಜೆಂಟ್ ಮೂಲಕ ಒಪ್ಪಿಗೆ ಕೇಳಬೇಕು, ಒಂದು ಕಡೆ ಬೇಡ ಅಂದರು, ಸರಿ ಅಂದೆವು. ರಾತ್ರಿ ಕೂತು ನೋಡಿದರೆ ಅರ್ಧ ವಿಡಿಯೋದಲ್ಲಿ ಏಜೆಂಟರ ಬೆನ್ನು, ಮಿಕ್ಕಿದ್ದರಲ್ಲಿ ನನ್ನ "ಓ, ಚೆನ್ನಾಗಿದೆ". ವಾಸನೆ ಇಲ್ಲ, ನೆಲದ ಇಳಿಜಾರು ಕಾಣಲ್ಲ, ಮಾತಿನ ನಡುವೆ ಹೊರಗಿನ ಗದ್ದಲವೂ ಕೇಳಲ್ಲ. ಮೊಬೈಲ್ ಕ್ಯಾಮೆರಾನ 0.5ಕ್ಕೆ, ಅಂದರೆ ಅಗಲ ಲೆನ್ಸಿಗೆ, ಇಟ್ಟು ತೆಗೆದಿದ್ದರಿಂದ ಪುಟ್ಟ ಕೋಣೆಯೂ ಹಾಲ್ ಥರ ಕಂಡಿತು. ಮಾರಾಟದ ಫೋಟೋಗಳಲ್ಲಿ ಮನೆ ದೊಡ್ಡದಾಗಿ ಕಾಣೋದೂ ಎಷ್ಟೋ ಸಲ ಇದೇ ಅಗಲ ಲೆನ್ಸಿನಿಂದಲೇ ಅಲ್ವಾ. ಆದರೆ ವಿಡಿಯೋನ ಪೂರ್ತಿ ಬೈಯಲಾರೆ. ಒಂದು ಮನೆಯ ಸೀಲಿಂಗ್ ಮೂಲೆಯಲ್ಲಿ ಕಂದು ಬಣ್ಣದ ಉಂಗುರದಂಥ ನೀರಿನ ಕಲೆ ಇತ್ತು. ಅಲ್ಲಿ ನಿಂತಿದ್ದಾಗ ನಮ್ಮಿಬ್ಬರಿಗೂ ಕಾಣದ್ದು ವಿಡಿಯೋದಲ್ಲಿ ಸಿಕ್ಕಿತು.

ಮೂರನೇ ಸುತ್ತಿಗೆ ಒಂದೇ ಹಾಳೆ. ಒಂದು ಬದಿಯಲ್ಲಿ ಐದು "ಬೇಡ"ಗಳು, ಅಂದರೆ ಇವುಗಳಲ್ಲಿ ಒಂದಿದ್ದರೂ ಮನೆ ಎಷ್ಟೇ ಚೆಂದ ಇರಲಿ ವಾಪಸ್ ಬರೋದು. ಇನ್ನೊಂದು ಬದಿಯಲ್ಲಿ ನಮ್ಮ ಸಾಮಾನಿನ ಅಳತೆ. ಮಂಚ 152 ಗುಣಿಸು 203 ಸೆಂಟಿಮೀಟರ್, ಫ್ರಿಜ್ಜಿನ ಅಗಲ 70, ಅದರ ಬಾಗಿಲು ತೆರೆಯಲು ಬೇಕಾದ ಜಾಗ, ಮಂಚದ ಪಕ್ಕ ಓಡಾಡಲು ಕಡಿಮೆ ಅಂದರೂ 60. ಖಾಲಿ ಕೋಣೆ ಕಣ್ಣಿಗೆ ಮೋಸ ಮಾಡುತ್ತೆ, ಟೇಪ್ ಮಾಡಲ್ಲ. ಎಲ್ಲರೂ "ಮಾಸ್ಟರ್ ಬೆಡ್‌ರೂಮ್" ಅನ್ನುತ್ತಿದ್ದ ಕೋಣೆಯಲ್ಲಿ ನೆಲದ ಮೇಲೆ ಟೇಪ್ ಹಾಸಿ ನೋಡಿದರೆ, ಮಂಚ ಇಟ್ಟ ಮೇಲೆ ಬೀರುವಿನ ಬಾಗಿಲು ಅರ್ಧಕ್ಕೇ ನಿಲ್ಲುತ್ತಿತ್ತು.

ಚೀಲದಲ್ಲಿ 5 ಮೀಟರ್ ಟೇಪ್, ಸಣ್ಣ ಟಾರ್ಚ್, ಒಂದು ಗೋಲಿ. ಟಾರ್ಚ್ ಸಿಂಕಿನ ಕೆಳಗೆ ನೋಡಲು. ಗೋಲಿ ನೆಲದ ಇಳಿಜಾರು ನೋಡಲು, ಅದರ ಬಗ್ಗೆ ನಾನು ಜಾಸ್ತಿ ನಂಬಿಕೆ ಇಟ್ಟಿದ್ದೆ, ಅಷ್ಟು ಬೇಕಿರಲಿಲ್ಲ. ಟೈಲ್ಸ್ ಸರಿಯಾಗಿ ಕೂರಿಸದಿದ್ದರೂ ಅದು ಉರುಳುತ್ತೆ, ಬಚ್ಚಲಲ್ಲಿ ಉರುಳಲೇಬೇಕು. ಎಲ್ಲಾ ಕೋಣೆಯಲ್ಲೂ ಒಂದೇ ದಿಕ್ಕಿಗೆ ಓಡಿದರೆ, ಜೊತೆಗೆ ಬಾಗಿಲುಗಳೂ ಚೌಕಟ್ಟಿಗೆ ಸಿಕ್ಕಿಕೊಂಡರೆ, ಆಗ ಎಂಜಿನಿಯರನ್ನು ಕರೆಸಬೇಕು. ಬಿರುಕೂ ಹಾಗೇ. ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕು ಎಲ್ಲಾ ಕಡೆ ಇರುತ್ತೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟಿದ್ದು, ನಾಣ್ಯದ ಅಂಚು ಹೋಗುವಷ್ಟು ಅಗಲ ಇದ್ದದ್ದು, ಗೋಡೆಯ ಆಚೆ ಬದಿಯಲ್ಲೂ ಕಾಣುವಂಥದ್ದು, ಇವನ್ನು ಬಿಡಬಾರದು. ನೀರಿನದ್ದು ಸುಲಭ: ಶವರ್, ಅಡುಗೆಮನೆ ನಲ್ಲಿ ಎರಡನ್ನೂ ಒಟ್ಟಿಗೆ ಬಿಟ್ಟು ಫ್ಲಶ್ ಮಾಡಿ, ಧಾರೆ ಸಣ್ಣಗಾಗುತ್ತಾ ನೋಡಿ.

ದಿನಕ್ಕೆ ಎಷ್ಟು ಮನೆ ಅನ್ನೋದರಲ್ಲೂ ಫರಕು ಇತ್ತು. ಮೊದಲ ಸುತ್ತಿನಲ್ಲಿ ಒಂದೇ ದಿನ ಏಳು ನೋಡಿದೆವು. ನಾಲ್ಕನೆಯದು ಮುಗಿಯುವಷ್ಟರಲ್ಲಿ ಯಾವ ಅಡುಗೆಮನೆ ಯಾವ ಮನೆಯದು ಅನ್ನೋದೇ ಕಲಸಿಹೋಯಿತು. ಇನ್ನೊಂದು, ತೀರಾ ಹಾಳಾದ ಮನೆ ನೋಡಿದ ಕೂಡಲೇ ಸಾಧಾರಣ ಮನೆಗೆ ಹೋದರೆ ಅದು ಅರಮನೆ ಅನಿಸುತ್ತೆ. ಏಜೆಂಟ್ ಬೇಕಂತಲೇ ಆ ಸಾಲು ಮಾಡಿದ್ದರು ಅಂತ ನಾನು ಹೇಳಲ್ಲ. ಆಮೇಲೆ ದಿನಕ್ಕೆ ಮೂರರ ಮೇಲೆ ಹೋಗಲಿಲ್ಲ. ಪ್ರತಿ ಮನೆಯಿಂದ ಹೊರಬಂದ ತಕ್ಷಣ, ಇನ್ನೊಬ್ಬರ ಅಭಿಪ್ರಾಯ ಕೇಳುವ ಮುಂಚೆಯೇ, ಇಬ್ಬರೂ ಬೇರೆ ಬೇರೆಯಾಗಿ ಒಂದು ನಿಮಿಷದ ವಾಯ್ಸ್ ನೋಟ್ ಮಾಡಿಕೊಂಡೆವು. ಶೀಟಿನ 42 ಸಾಲಿಗಿಂತ ಅದು ಜಾಸ್ತಿ ಕೆಲಸಕ್ಕೆ ಬಂತು.

ಏಜೆಂಟರಿಗೆ ಏನು ಹೇಳಬೇಕು? ಮೊದಲು ನಮ್ಮ ಕೊನೇ ಮಿತಿಯ ಮೊತ್ತವನ್ನೇ ಹೇಳಿಬಿಟ್ಟಿದ್ದೆ. ತೋರಿಸಿದ ಮನೆಗಳೆಲ್ಲ ಆ ಮೊತ್ತದ ಹತ್ತಿರವೇ, ಎರಡು ಅದಕ್ಕಿಂತ ಮೇಲೆ. ಮಾರಾಟ ಆದರೆ ತಾನೇ ಸಾಮಾನ್ಯವಾಗಿ ಅವರಿಗೆ ಕಮಿಷನ್ ಸಿಗೋದು, ಅದು ತಪ್ಪಲ್ಲ, ಆದರೆ ಅವರ ಕಮಿಷನ್ ಯಾರು ಕೊಡುತ್ತಾರೆ ಅನ್ನೋದನ್ನು ನಾವು ಮೊದಲೇ ಕೇಳಬೇಕಿತ್ತು. ಮೂರನೇ ಸಲ ಹಿಂದಿನ ದಿನವೇ ಐದು "ಬೇಡ"ಗಳನ್ನು ಮೆಸೇಜ್ ಮಾಡಿದೆ. ಪಟ್ಟಿಯಲ್ಲಿದ್ದ ಎಂಟರಲ್ಲಿ ನಾಲ್ಕನ್ನು ಅವರೇ ತೆಗೆದುಹಾಕಿದರು. ಅವರ ಸಮಯವೂ ಉಳಿಯಿತು. ಪಾಪ, ಮೊದಲ ದಿನ ಅವರಿಗೂ ಊಟ ಮಾಡಲು ಬಿಟ್ಟಿರಲಿಲ್ಲ ನಾವು.

ಹಾಗಾಗಿ ನನ್ನ ಓಟು ಹಾಳೆಗೆ. ವಿಡಿಯೋ ಜೊತೆಗಿರಲಿ, ಮಾಮೂಲಿ ಲೆನ್ಸಿನಲ್ಲಿ, ಬಾಗಿಲಲ್ಲಿ ನಿಂತು, ಬಾಯಿ ಮುಚ್ಚಿಕೊಂಡು. ಶೀಟ್ ಬೇಕೇ ಬೇಕು ಅನ್ನುವವರು ಕೊನೆಗೆ ಎರಡೋ ಮೂರೋ ಮನೆ ಉಳಿದಾಗ ತುಂಬಿ, ಮನೆಯೊಳಗೆ ನಿಂತು ಬೇಡ.

ನಮಗೆ ಇನ್ನೂ ಮನೆ ಸಿಕ್ಕಿಲ್ಲ. ಶನಿವಾರ ಎರಡು ನೋಡಬೇಕು. ಅದರಲ್ಲಿ ಒಂದು ಈಗಾಗಲೇ ಬೆಳಿಗ್ಗೆ ನೋಡಿದ್ದು, ಈ ಸಲ ಸಂಜೆ ಹೋಗಿ ಕಿಟಕಿ ತೆರೆದು ಎರಡು ನಿಮಿಷ ಸುಮ್ಮನೆ ನಿಲ್ಲೋದು ಅಂತ ಇದೆ. ಐದನೇ "ಬೇಡ" ಅದೇ ಇರಲಾ, ಬದಲಿಸೋಣವಾ ಅಂತ ಮನೆಯಲ್ಲಿ ಜಗಳ ಮಾತ್ರ ಮುಗಿದಿಲ್ಲ.